ಪಾದದಿಂದ ಮೇಲಕ್ಕೆ: ರೇಸ್ ನೋಡಲು ಹೊರಟವರ ಉಡುಪು

ಪ್ರಶ್ನೆ: ನಾನು ಕಾರವಾರದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಮೋಟಾರ್ ರೇಸನ್ನು ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವಳಲ್ಲ. ಈಗ 16 ವರ್ಷದ ಮಗನ ಹಟಕ್ಕೆ ಮಣಿದು, ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ನಾವು ಐವರು ಹೊರಟಿದ್ದೇವೆ: ನಾನು, ಯಜಮಾನರು, ಮಗ, 7 ವರ್ಷದ ಮಗಳು ಮತ್ತು 71 ವರ್ಷದ ಮಾವ. ಮಳೆಗಾಲ ಕಳೆದ ಮೇಲೆ ಚಿಕ್ಕಮಗಳೂರಿನ ಕಡೆ ರ‍್ಯಾಲಿ ನಡೆದರೆ ಅದಕ್ಕೂ ಹೋಗುವ ಮಾತಿದೆ. ಮಗ ತನ್ನ ಮೆಚ್ಚಿನ ತಂಡದ ಕಪ್ಪು ಟೀ ಶರ್ಟನ್ನು ಈಗಲೇ ತರಿಸಿಟ್ಟಿದ್ದಾನೆ. ಯಜಮಾನರು ‘ನಾವೇನು ಮದುವೆಮನೆಗೆ ಹೊರಟಿದ್ದೇವೆಯೇ, ಇದ್ದದ್ದು ಹಾಕಿಕೊಂಡರಾಯಿತು’ ಎನ್ನುತ್ತಾರೆ. ಚಿತ್ರಗಳಲ್ಲಿ ನೋಡಿದರೆ ಹೆಂಗಸರೆಲ್ಲ ದೊಡ್ಡ ಹ್ಯಾಟು, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ನಿಂತಿರುತ್ತಾರೆ. ನನಗೆ ಸೀರೆಯೇ ರೂಢಿ. ಏನು ಉಡಬೇಕು, ಏನು ಕೂಡದು ಎಂದು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾಮಾನ್ಯ ಗ್ಯಾಲರಿಯಲ್ಲಿ ಕುಳಿತು ರೇಸ್ ನೋಡುವವರಿಗೆ ಇಂಥದ್ದನ್ನೇ ಉಡಬೇಕೆಂಬ ಕಟ್ಟಳೆ ಏನೂ ಇಲ್ಲ. ಉಳಿದರ್ಧವನ್ನು ಅವರು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತಾವೇ ಒಪ್ಪಿಕೊಳ್ಳುತ್ತಾರೆ. ಮದುವೆಮನೆಯಲ್ಲಿ ಚಪ್ಪರವಿರುತ್ತದೆ, ಫ್ಯಾನು ಇರುತ್ತದೆ, ಊಟವಾದ ಮೇಲೆ ಒರಗಲು ಗೋಡೆಯಾದರೂ ಇರುತ್ತದೆ. ರೇಸಿನ ದಿನವೆಂದರೆ ಬೆಳಗಿನಿಂದ ಸಂಜೆಯವರೆಗೆ ಏಳೆಂಟು ತಾಸು ಬಿಸಿಲು, ಸದ್ದು, ನಡಿಗೆ ಮತ್ತು ನಡುನಡುವೆ ಏನೂ ನಡೆಯದೆ ಕಾಯುವುದು. ಬೇರೆ ಸಮಾರಂಭಕ್ಕೆ ಹೊರಡುವಾಗ ನಾವು ಸೀರೆಯನ್ನೋ ಅಂಗಿಯನ್ನೋ ಮೊದಲು ಆರಿಸಿ ಕೊನೆಯಲ್ಲಿ ಕೈಗೆ ಸಿಕ್ಕ ಚಪ್ಪಲಿಯನ್ನು ಮೆಟ್ಟಿಕೊಳ್ಳುತ್ತೇವೆ. ಇಲ್ಲಿ ಆ ಕ್ರಮವನ್ನು ಪೂರ್ತಿ ತಿರುವಿಹಾಕಿ, ಪಾದದಿಂದ ಆರಂಭಿಸಿ, ಆಮೇಲೆ ಕಿವಿ, ಆಮೇಲೆ ಚರ್ಮವನ್ನು ಯೋಚಿಸಬೇಕು. ತಂಡದ ಹೆಸರು ಹೊತ್ತ ಟೀ ಶರ್ಟಿನ ಸರದಿ ಎಲ್ಲಕ್ಕಿಂತ ಕೊನೆಗೆ.

ನೀವು ನೋಡಿದ ಹ್ಯಾಟಿನ ಚಿತ್ರಗಳು ಬಹುಶಃ ಮೊನಾಕೊ ರೇಸಿನವು. ಅಲ್ಲಿ ಬಂದರಿನ ವಿಹಾರನೌಕೆಗಳ ಮೇಲೆ, ಇಲ್ಲವೇ ದುಬಾರಿ ಅತಿಥಿ ಅಂಗಳಗಳಲ್ಲಿ ನಿಲ್ಲುವವರ ಉಡುಪು ಅದು. ಅದೇ ಊರಿನ ಸಾಮಾನ್ಯ ಗ್ಯಾಲರಿಯಲ್ಲಿ ಕುಳಿತವರು ಟೋಪಿ, ಚಡ್ಡಿ, ಬೂಟಿನಲ್ಲೇ ಇರುತ್ತಾರೆ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ 2000ನೇ ಇಸವಿಯ ಬ್ರಿಟಿಷ್ ಗ್ರ್ಯಾನ್ ಪ್ರಿಯನ್ನು ಏಪ್ರಿಲ್ ತಿಂಗಳಲ್ಲಿ ಇಟ್ಟುಕೊಂಡಾಗ, ಮಳೆಗೆ ವಾಹನ ನಿಲ್ಲಿಸುವ ಗದ್ದೆಗಳೆಲ್ಲ ಕೆಸರಾಗಿ, ಶನಿವಾರ ಪ್ರೇಕ್ಷಕರು ಬರಲೇಬೇಡಿ ಎಂದು ಸಂಘಟಕರು ಕೇಳಿಕೊಳ್ಳಬೇಕಾಯಿತು. ಅಂಥ ದಿನ ಬೇಕಾಗುವುದು ಶಿರಸಿ ಪೇಟೆಯಲ್ಲಿ ತೋಟದ ಕೆಲಸಕ್ಕೆಂದು ಮಾರುವ ಗಮ್ ಬೂಟು, ಹಿಮ್ಮಡಿಯ ಚಪ್ಪಲಿಯಲ್ಲ.

ಪಾದದ ವಿಷಯವನ್ನು ನಾನು ಕೊಂಚ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಕರಾವಳಿಯವರಾದ ನಾವು ಎಡವುವುದು ಇಲ್ಲಿಯೇ. ಆರು ತಿಂಗಳು ಮಳೆ, ಉಳಿದ ಆರು ತಿಂಗಳು ಸೆಕೆ ಇರುವ ಊರಿನಲ್ಲಿ ಚಪ್ಪಲಿಯೇ ಜಾಣತನ, ಬೂಟು ಸರ್ಕಾರಿ ನೌಕರಿಗೋ ನೌಕಾನೆಲೆಗೋ ಮೀಸಲು. ಆದರೆ ಇರುಂಗಾಟ್ಟುಕೋಟೈಯ ಪೂರ್ತಿ ಸುತ್ತು 3.717 ಕಿಲೋಮೀಟರ್ ಉದ್ದದ್ದು. ವಾಹನ ನಿಲ್ಲಿಸಿದ ಜಾಗದಿಂದ ದ್ವಾರಕ್ಕೆ, ಅಲ್ಲಿಂದ ಗ್ಯಾಲರಿಗೆ, ಗ್ಯಾಲರಿಯಿಂದ ನೀರಿಗೆ, ಶೌಚಾಲಯಕ್ಕೆ, ಮಗನ ಒತ್ತಾಯಕ್ಕೆ ಇನ್ನೊಂದು ತಿರುವಿನ ಕಡೆಗೆ ಎಂದು ಲೆಕ್ಕ ಹಾಕಿದರೆ ಸಂಜೆಯೊಳಗೆ ಏಳೆಂಟು ಕಿಲೋಮೀಟರ್ ನಡೆದಿದ್ದರೆ ಆಶ್ಚರ್ಯವಿಲ್ಲ. ಕಾದ ಕಾಂಕ್ರೀಟು, ಜಲ್ಲಿ, ಕಬ್ಬಿಣದ ಮೆಟ್ಟಿಲು, ಕುರುಚಲು ಹುಲ್ಲು ಇವೆಲ್ಲವೂ ದಾರಿಯಲ್ಲಿ ಬರುತ್ತವೆ. ಬೆರಳು ಮುಚ್ಚುವ, ಅಡಿ ದಪ್ಪವಿರುವ, ಈಗಾಗಲೇ ಹಾಕಿ ಪಳಗಿದ ಬೂಟು ಮತ್ತು ಹತ್ತಿ ಬೆರೆತ ಸಾಕ್ಸು ಐವರಿಗೂ ಬೇಕು. ಹೊಸ ಬೂಟನ್ನು ಆ ದಿನವೇ ಮೊದಲ ಬಾರಿಗೆ ಹಾಕಿದರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುವುದು ಖಚಿತ. ಎರಡು ವಾರ ಮೊದಲೇ ಕೊಂಡು, ಸಂಜೆ ಟ್ಯಾಗೋರ್ ಕಡಲತೀರದ ರಸ್ತೆಯಲ್ಲಿ ನಡೆದು ಪಳಗಿಸಿಕೊಳ್ಳಿ.

ಹಳೆಯ ಬೂಟು ಇದೆಯಲ್ಲ ಎನ್ನುವವರಿಗೆ ನನ್ನ ಪಜೀತಿಯನ್ನು ಹೇಳಬೇಕು. ಟ್ರ್ಯಾಕಿನ ಬದಿಯಲ್ಲಿ ಬಾವುಟ ಹಿಡಿಯುವ ಮಾರ್ಷಲ್ ಕೆಲಸವನ್ನು ಹಲವು ವರ್ಷ ಮಾಡಿ ಬಿಟ್ಟ ಮೇಲೆ, ಒಮ್ಮೆ ಬರೀ ಪ್ರೇಕ್ಷಕನಾಗಿ ಹೋಗೋಣವೆಂದು ಕೋಡಿಬಾಗದ ಮನೆಯ ಕಪಾಟಿನಲ್ಲಿ ನಾಲ್ಕು ವರ್ಷದಿಂದ ಡಬ್ಬಿಯಲ್ಲೇ ಇದ್ದ ಬೂಟನ್ನು ಹಾಕಿಕೊಂಡು ಹೊರಟೆ. ನೋಡಲು ಹೊಸದರಂತೆಯೇ ಇತ್ತು. ಮೊದಲ ರೇಸು ಮುಗಿಯುವ ಮುನ್ನವೇ ಬಲಗಾಲಿನ ಅಡಿ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು. ಬಗ್ಗಿ ಮುಟ್ಟಿದರೆ ಹಳೆಯ ರಸ್ಕಿನ ಹಾಗೆ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ಎಡಗಾಲಿನದು ಮಧ್ಯಾಹ್ನದ ವೇಳೆಗೆ ಪೂರ್ತಿ ಕಳಚಿ ಮೆಟ್ಟಿಲ ಮೇಲೆಯೇ ಉಳಿಯಿತು. ಬ್ಯಾರಿಕೇಡಿಗೆ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗದ ತುಂಡೊಂದನ್ನು ಬೇಡಿ, ಕಾಲಿಗೆ ಸುತ್ತಿಕೊಂಡು ಬಸ್ಸು ಹತ್ತಿದೆ. ಇದರಲ್ಲಿ ಅಂಗಡಿಯವನ ಮೋಸವೇನೂ ಇರಲಿಲ್ಲ. ಇಂಥ ಮೆತ್ತನೆಯ ಅಡಿಗಳನ್ನು ಬಹುಪಾಲು ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡುತ್ತಾರೆ. ಗಾಳಿಯ ತೇವ ಅದರೊಳಗೆ ಸೇರಿ ನಿಧಾನವಾಗಿ ಅದರ ಕಟ್ಟನ್ನು ಬಿಡಿಸುತ್ತದೆ. ಹಾಕಿ ನಡೆಯುತ್ತಿದ್ದರೆ ಬಾಳುವ ಬೂಟು, ಮುಚ್ಚಿಟ್ಟರೆ ಒಳಗೊಳಗೇ ಸಾಯುತ್ತದೆ. ಬೆಲ್ಟಿಗೂ ಪರ್ಸಿಗೂ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ ಈ ಸಾವು ಬೇಗ ಬರುತ್ತದೆ. ಆದ್ದರಿಂದ ಕಪಾಟಿನ ಬೂಟನ್ನು ಹೊರತೆಗೆದು, ಅಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನಂತೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ಅದನ್ನು ಮನೆಯಲ್ಲೇ ಬಿಡಿ.

ಇನ್ನು ಕಿವಿ. ಕಿವಿಗೆ ಹಾಕುವುದನ್ನು ಯಾರೂ ಉಡುಪೆಂದು ಎಣಿಸುವುದಿಲ್ಲ, ಆದರೆ ನನ್ನ ಪ್ರಕಾರ ಬೂಟನ್ನು ಬಿಟ್ಟರೆ ಅದೇ ಅತಿ ಮುಖ್ಯವಾದ ಉಡುಪು. ಕಿವಿಯ ಸುರಕ್ಷತೆಗೆ ವ್ಯಾಪಕವಾಗಿ ಬಳಸುವ ಲೆಕ್ಕವೊಂದಿದೆ: 85 ಡೆಸಿಬಲ್ ಸದ್ದಿನಲ್ಲಿ 8 ತಾಸು ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ 100 ಡೆಸಿಬಲ್ಲಿಗೆ ಉಳಿಯುವುದು ಕೇವಲ 15 ನಿಮಿಷ. ರೇಸ್ ಕಾರುಗಳ ಗುಂಪು ನೇರ ಹಾದಿಯಲ್ಲಿ ಹತ್ತಿರದಿಂದ ಹಾದುಹೋಗುವಾಗ ಸದ್ದು ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಅಳೆಯುವ ಯಂತ್ರ ಬೇಕಿಲ್ಲ; ಒಂದು ತೋಳಿನಷ್ಟು ದೂರದಲ್ಲಿ ನಿಂತವರೊಡನೆ ಮಾತಾಡಲು ನೀವು ಕೂಗಬೇಕಾಗಿ ಬಂದರೆ ಸದ್ದು ಮಿತಿ ಮೀರಿದೆ ಎಂದೇ ತಿಳಿಯಿರಿ. ರಾತ್ರಿ ಮಲಗಿದಾಗ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುವುದನ್ನು ಹುಡುಗರು ರೇಸ್ ನೋಡಿದ ಹೆಮ್ಮೆಯ ಗುರುತೆಂದು ಹೇಳಿಕೊಳ್ಳುತ್ತಾರೆ, ಆದರೆ ಅದು ಒಳಗಿವಿಯ ಕೂದಲುಕೋಶಗಳು ಬಳಲಿದ ಗುರುತು, ಮತ್ತು ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸು 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ನಡೆದಾಗ ಕಿವಿಗೆ ಏನೂ ಇಲ್ಲದೆ ಕುಳಿತು ನೋಡಬಹುದಿತ್ತು, ಆದರೆ ನೀವು ಹೊರಟಿರುವುದು ಪೆಟ್ರೋಲ್ ಎಂಜಿನ್ನಿನ ರೇಸಿಗೆ.

ದೊಡ್ಡವರಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್ ಪ್ಲಗ್ ಸಾಕು, ಆದರೆ ಹಾಕುವ ಕ್ರಮ ಗೊತ್ತಿರಬೇಕು. ಒಣಗಿದ, ಸ್ವಚ್ಛವಾದ ಬೆರಳುಗಳಲ್ಲಿ ಅದನ್ನು ಬತ್ತಿ ಹೊಸೆದಂತೆ ಹೊಸೆದು ಸಣ್ಣದಾಗಿ ಮಾಡಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳಗಿನ ಓಣಿ ನೇರವಾಗುತ್ತದೆ. ಆಗ ಬತ್ತಿಯನ್ನು ಒಳಗಿಟ್ಟು, ಅದು ಉಬ್ಬಿ ತುಂಬಿಕೊಳ್ಳುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಒತ್ತಿ ಹಿಡಿಯಬೇಕು. ನಿಮ್ಮ ಸ್ವಂತ ದನಿ ಕೊಡಪಾನದೊಳಗಿನಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಬಹುತೇಕರು ಕಿವಿಯ ಬಾಯಲ್ಲಿ ಸಿಕ್ಕಿಸಿಕೊಂಡು, ಇದರಿಂದ ಪ್ರಯೋಜನವಿಲ್ಲ ಎಂದು ಎಸೆಯುತ್ತಾರೆ. ಬರೀ ಹತ್ತಿ ತುರುಕಿಕೊಂಡರೆ ಮನಸ್ಸಿಗೆ ಸಮಾಧಾನವೇ ಹೊರತು ಕಿವಿಗೆ ರಕ್ಷಣೆಯಿಲ್ಲ.

ಮಗಳ ಪುಟ್ಟ ಕಿವಿಗೆ ಫೋಮ್ ಸರಿಯಾಗಿ ಕೂರುವುದಿಲ್ಲ. ಅವಳಿಗೆ ಹೆಡ್‌ಫೋನಿನಂತೆ ಕಾಣುವ, ಮಕ್ಕಳ ಅಳತೆಯ ಇಯರ್ ಮಫ್ ಬೇಕು. ಅದನ್ನು ಟ್ರ್ಯಾಕಿನಲ್ಲಿ ಮೊದಲ ಬಾರಿಗೆ ಹಾಕಿದರೆ ಹತ್ತೇ ನಿಮಿಷದಲ್ಲಿ ಕಿತ್ತು ಕೈಗೆ ಕೊಡುತ್ತಾಳೆ. ಒಂದು ವಾರ ಮೊದಲಿನಿಂದ ನೀವು ಮಿಕ್ಸಿ ಹಾಕುವಾಗಲೆಲ್ಲ ಅವಳಿಗೆ ಅದನ್ನು ತೊಡಿಸಿ, ಆಟವಾಗಿ ಅಭ್ಯಾಸವಾಗುತ್ತದೆ. ಮಫ್ ಹಾಕುವವರು ಎರಡು ಸಣ್ಣ ಸಂಗತಿಗಳನ್ನು ಗಮನಿಸಬೇಕು. ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಸಂದು ಬಿಡುತ್ತದೆ, ಸದ್ದು ಅಲ್ಲಿಂದಲೇ ನುಸುಳುತ್ತದೆ. ಆದ್ದರಿಂದ ಕನ್ನಡಕ ಹಾಕುವ ದೊಡ್ಡವರಿಗೆ ಫೋಮೇ ವಾಸಿ. ಎರಡನೆಯದಾಗಿ, ಕ್ಯಾಪಿನ ನೆತ್ತಿಯ ಮೇಲೆ ಬಟ್ಟೆ ಸುತ್ತಿದ ಗುಂಡಿಯೊಂದಿರುತ್ತದೆಯಲ್ಲ, ಮಫ್‌ನ ಪಟ್ಟಿ ಅದರ ಮೇಲೆ ಕೂತು ಒತ್ತಿದರೆ ಒಂದು ತಾಸಿನೊಳಗೆ ತಲೆನೋವು ಹಿಡಿಯುತ್ತದೆ. ಗುಂಡಿಯಿಲ್ಲದ ಬಟ್ಟೆಟೋಪಿಯನ್ನೇ ಮಗಳಿಗೆ ಕೊಳ್ಳಿ. ನಿಮ್ಮ ಮಾವನವರು ಶ್ರವಣಯಂತ್ರ ಬಳಸುವವರಾದರೆ ಅದನ್ನು ಆಫ್ ಮಾಡಿ ಕಿವಿಯಲ್ಲೇ ಇಟ್ಟುಕೊಂಡರೆ ಸಾಲದು. ತೆಗೆದು ಅದರ ಡಬ್ಬಿಯಲ್ಲಿಟ್ಟು ಮಫ್ ತೊಡಬೇಕು.

ಈಗ ಬಟ್ಟೆಗೆ ಬರೋಣ. ಆಗಸ್ಟ್‌ನಲ್ಲಿ ಕಾರವಾರದಿಂದ ಹೊರಡುವವರಿಗೆ ಹವೆಯೇ ಮೋಸ ಮಾಡುತ್ತದೆ. ಇಲ್ಲಿ ಜಡಿಮಳೆ, ಒಣಗದ ಬಟ್ಟೆಯ ವಾಸನೆ, 28 ಡಿಗ್ರಿಯ ತಂಪು. ಪಂಚಗಂಗಾ ರೈಲಿನಲ್ಲಿ ರಾತ್ರಿ ಕಳೆದು ಬೆಂಗಳೂರಿನಲ್ಲಿ ಇಳಿದಾಗಲೂ ಮೋಡವೇ. ಅಲ್ಲಿಂದ ಹೆದ್ದಾರಿ ಹಿಡಿದು ಶ್ರೀಪೆರಂಬುದೂರು ಮುಟ್ಟುವಷ್ಟರಲ್ಲಿ 35 ಡಿಗ್ರಿಯ ಸುಡುಬಿಸಿಲು. ನೈರುತ್ಯ ಮುಂಗಾರು ತನ್ನ ನೀರನ್ನೆಲ್ಲ ಘಟ್ಟದ ಈಚೆ ಸುರಿದು ಹೋಗುವುದರಿಂದ ತಮಿಳುನಾಡಿನ ಆ ಬದಿಗೆ ಮುಖ್ಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು. ಹಾಗೆಂದು ಮಳೆಯ ಚಿಂತೆಯೇ ಇಲ್ಲವೆಂದಲ್ಲ; ಆಗಸ್ಟ್ ಸಂಜೆಗಳಲ್ಲಿ ಗುಡುಗಿನೊಡನೆ ದಿಢೀರನೆ ಸುರಿಯುವುದುಂಟು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈ ನಗರದ ರಸ್ತೆಗಳಲ್ಲೇ ನಡೆದ ರಾತ್ರಿ ರೇಸಿಗೂ ಮಳೆ ಕಾಟ ಕೊಟ್ಟಿತು. ಹೀಗಾಗಿ ಬಿಸಿಲಿಗೆ ಉಟ್ಟು, ಮಳೆಗೆ ಚೀಲದಲ್ಲಿ ಒಯ್ಯುವುದು ಸರಿಯಾದ ಕ್ರಮ.

ಮಳೆಗೆ ಒಯ್ಯಬೇಕಾದದ್ದು ಕೊಡೆಯಲ್ಲ, ರೇನ್‌ಕೋಟು. ಕೊಡೆಯಿಲ್ಲದೆ ಅಂಗಳ ದಾಟದ ಜಿಲ್ಲೆಯವರಿಗೆ ಇದನ್ನು ಒಪ್ಪಿಸುವುದು ಕಷ್ಟವೆಂದು ನನಗೆ ಗೊತ್ತು. ಆದರೆ ಗ್ಯಾಲರಿಯಲ್ಲಿ ಬಿಚ್ಚಿದ ಒಂದು ಕೊಡೆ ಹಿಂದಿನ ಹತ್ತು ಜನರ ನೋಟವನ್ನು ಮುಚ್ಚುತ್ತದೆ, ಕಡ್ಡಿ ಪಕ್ಕದವರ ಕಣ್ಣಿಗೆ ಬರುತ್ತದೆ, ಕೆಲವು ಕಡೆ ದ್ವಾರದಲ್ಲೇ ತೆಗೆದಿಡುತ್ತಾರೆ. ತಲೆಯಿಂದ ಮೊಣಕಾಲಿನವರೆಗೆ ಇಳಿಬಿಡುವ ತೆಳು ಪೊಂಚೊ ಮಡಿಚಿದರೆ ಕೈಚೀಲದ ಮೂಲೆಯಲ್ಲಿ ಕೂರುತ್ತದೆ, ತೇವದ ಕುರ್ಚಿಯ ಮೇಲೆ ಹಾಸಲೂ ಆಗುತ್ತದೆ. ನಮ್ಮ ಹಿರಿಯರು ಗದ್ದೆಯಲ್ಲಿ ಕೈ ಎರಡೂ ಬಿಡುವಾಗಿರಲೆಂದು ಗೊರಬು ಹೊದ್ದುಕೊಂಡರೇ ಹೊರತು ಕೊಡೆ ಹಿಡಿಯಲಿಲ್ಲ.

ಮೈಮೇಲೆ ಸಡಿಲವಾದ, ಪೂರ್ಣ ತೋಳಿನ, ತಿಳಿಬಣ್ಣದ ಅಂಗಿ ಇರಲಿ. ತೋಳಿಲ್ಲದ್ದು ತಂಪೆಂದು ತೋರುತ್ತದೆ, ಆದರೆ ನೇರ ಬಿಸಿಲು ಚರ್ಮದ ಮೇಲೆ ಬಿದ್ದರೆ ಸಂಜೆಗೆ ಉರಿ ತಪ್ಪದು. ಒತ್ತಾಗಿ ನೇಯ್ದ ಬಟ್ಟೆ ಜಾಳು ಬಟ್ಟೆಗಿಂತ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ತೆಳು ಹತ್ತಿ ಬೆವರಿನಲ್ಲಿ ತೊಯ್ದರೆ ಆ ಗುಣ ಇನ್ನೂ ಕುಗ್ಗುತ್ತದೆ. ಹತ್ತಿಯೋ ಸಿಂಥೆಟಿಕ್ಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹತ್ತಿ ಬೆವರನ್ನು ಹೀರುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ತೇವ ತುಂಬಿದ ಗಾಳಿಯಲ್ಲಿ ಬೆನ್ನಿಗಂಟಿ ಬೆವರುಸಾಲೆ ಏಳಿಸುತ್ತದೆ. ಆಟದ ಉಡುಪಿನ ಪಾಲಿಯೆಸ್ಟರ್ ಬೇಗ ಆರುತ್ತದೆ, ಆದರೆ ಬಿಸಿ ಲೋಹ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗ್ಯಾಲರಿಯಲ್ಲೇ ಕೂರುವವರಿಗೆ ಎರಡೂ ನಡೆಯುತ್ತದೆ. ರೇಸಿನವರ ಗ್ಯಾರೇಜುಗಳಿರುವ ಪ್ಯಾಡಕ್ಕಿಗೆ ಹೋಗುವವರಿಗೆ ಹತ್ತಿಯೇ ಸರಿ. ಮುಖಕ್ಕೆ, ಕುತ್ತಿಗೆಯ ಹಿಂಬದಿಗೆ, ಮುಂಗೈಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು.

ಸೀರೆ ಉಟ್ಟುಕೊಂಡು ರೇಸ್ ನೋಡಬಾರದೇ? ಗ್ಯಾಲರಿಯಲ್ಲಿ ಕುಳಿತು ನೋಡುವುದಕ್ಕೆ ಅಡ್ಡಿಯಿಲ್ಲ. ಆರು ಗಜದ ಹತ್ತಿ ಸೀರೆ ಬಿಸಿಲಿಗೆ ಕೆಟ್ಟದ್ದೇನಲ್ಲ, ಸೆರಗು ತಲೆಗೂ ಆಗುತ್ತದೆ. ತೊಡಕು ಬರುವುದು ಸಂದುಸಂದಾಗಿರುವ ಕಬ್ಬಿಣದ ಮೆಟ್ಟಿಲಿನಲ್ಲಿ ಮತ್ತು ಪ್ಯಾಡಕ್ಕಿನಲ್ಲಿ. ಅಲ್ಲಿ ಜನರೇಟರ್ ಓಡುತ್ತಿರುತ್ತದೆ, ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿದ ಬೈಕಿನ ಚಕ್ರ ತಿರುಗುತ್ತಿರುತ್ತದೆ, ಸೈಲೆನ್ಸರ್ ಆಗಷ್ಟೇ ಕಾದು ಬಂದಿರುತ್ತದೆ. ಬೈಕಿನ ಹಿಂದಿನ ಚಕ್ರಕ್ಕೆ ಸೆರಗೋ ವೇಲೋ ಸಿಕ್ಕಿ ಆಗುವ ಅನಾಹುತಗಳನ್ನು ನಮ್ಮ ಹೆದ್ದಾರಿಯಲ್ಲೇ ಕಂಡಿದ್ದೇವೆ. ಆದ್ದರಿಂದ ಈ ಒಂದು ದಿನದ ಮಟ್ಟಿಗೆ ವೇಲಿಲ್ಲದ ಚೂಡಿದಾರವನ್ನೋ, ಪ್ಯಾಂಟು ಮತ್ತು ಕುರ್ತಾವನ್ನೋ ಹಾಕಿಕೊಳ್ಳಿ ಎಂದೇ ನನ್ನ ಸಲಹೆ. ಎರಡು ಆಳವಾದ ಜೇಬುಗಳಿರಲಿ. ಟಿಕೆಟು, ಫೋನು, ಇಯರ್ ಪ್ಲಗ್ಗಿನ ಡಬ್ಬಿ ಅದರಲ್ಲೇ ಇದ್ದರೆ ಕೈ ಬಿಡುವಾಗಿರುತ್ತದೆ. ಪಿಟ್ (ರೇಸಿನ ನಡುವೆ ವಾಹನ ನಿಲ್ಲಿಸಿ ಸರಿಪಡಿಸುವ ಜಾಗ) ಮತ್ತು ಪ್ಯಾಡಕ್ಕಿನ ಒಳಗೆ ಬೆರಳು ಕಾಣುವ ಪಾದರಕ್ಷೆಯವರನ್ನು ಬಿಡದಿರುವುದು ರೇಸ್ ಲೋಕದ ಸಾಮಾನ್ಯ ನಿಯಮ. ಕೆಲವು ಕಡೆ ಚಡ್ಡಿಗೂ ಪ್ರವೇಶವಿಲ್ಲ.

ಮಗನ ಕಪ್ಪು ಟೀ ಶರ್ಟನ್ನು ಬೇಡವೆನ್ನಬೇಡಿ. ಹದಿನಾರರ ಹುಡುಗ ರೇಸಿಗೆ ಹೋಗುವ ಸಂತೋಷದಲ್ಲಿ ಅರ್ಧ ಆ ಶರ್ಟಿನಲ್ಲೇ ಇದೆ. ಕಪ್ಪು ಬಿಸಿಲನ್ನು ಹೆಚ್ಚು ಹೀರುವುದು ನಿಜ, ಆದರೆ ಸೈನಾಯ್ ಮರುಭೂಮಿಯ ಬೆದುಯಿನ್ ಜನರು ಶತಮಾನಗಳಿಂದ ಕಪ್ಪು ನಿಲುವಂಗಿಯನ್ನೇ ತೊಡುತ್ತಾರೆ. ಅದೇಕೆಂದು ಅಳೆದು ನೋಡಿದ ವಿಜ್ಞಾನಿಗಳಿಗೆ, ಅಂಗಿ ಸಾಕಷ್ಟು ಸಡಿಲವಿದ್ದರೆ ಒಳಗೆ ಗಾಳಿ ಆಡಿ ಹೆಚ್ಚಿನ ಬಿಸಿ ಮೈಗೆ ತಲುಪುವ ಮೊದಲೇ ಹೊರಟುಹೋಗುತ್ತದೆ ಎಂದು 1980ರಲ್ಲಿ ಗೊತ್ತಾಯಿತು. ಆದ್ದರಿಂದ ಬಣ್ಣದ ಜಗಳ ಬಿಟ್ಟು ಅಳತೆಯ ಜಗಳ ಮಾಡಿ: ಮೈಗಂಟುವ ಶರ್ಟಾಗಿದ್ದರೆ ಒಂದು ಸೈಜು ದೊಡ್ಡದನ್ನು ಬದಲಾಯಿಸಿ ತರಿಸಿ, ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಅದರ ಮೇಲೊಂದು ಬಿಳಿ ಹತ್ತಿ ಅಂಗಿಯನ್ನು ಗುಂಡಿ ಬಿಚ್ಚಿ ಹಾಕಿಕೊಳ್ಳಲಿ. ರೇಸರುಗಳಂತೆ ಜಾಕೆಟ್ ಬೇಕೆಂದು ಕೇಳಿದರೆ ಮಾತ್ರ ಒಪ್ಪಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಮೋಟೋಜಿಪಿ ಬೈಕ್ ರೇಸು ನಡೆದಾಗ, ಬಿಸಿಲಿನ ಕಾರಣಕ್ಕೆ ರೇಸನ್ನು 24 ಸುತ್ತಿನಿಂದ 21ಕ್ಕೆ ಇಳಿಸಿದರು. ಎರಡನೆಯವನಾಗಿ ಬಂದ ಜಾರ್ಜ್ ಮಾರ್ಟಿನ್ ಚರ್ಮದ ಸೂಟಿನೊಳಗೆ ಬೆಂದು ನಿತ್ರಾಣನಾಗಿದ್ದ. ಅವರಿಗೆ ಆ ಸೂಟು ವೃತ್ತಿಯ ಅನಿವಾರ್ಯತೆ. ನೋಡುವವನಿಗೇಕೆ ಆ ಶಿಕ್ಷೆ?

ಬಣ್ಣದ ಬಗ್ಗೆ ಒಂದು ಎಚ್ಚರಿಕೆಯನ್ನು ಮಾರ್ಷಲ್ ಆಗಿದ್ದವನು ಹೇಳಲೇಬೇಕು. ಟ್ರ್ಯಾಕಿನಲ್ಲಿ ಹಳದಿ ಬಾವುಟವೆಂದರೆ ಮುಂದೆ ಅಪಾಯ, ಕೆಂಪೆಂದರೆ ರೇಸು ನಿಂತಿದೆ, ನೀಲಿಯೆಂದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ. ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವವನ ಕಣ್ಣಂಚಿಗೆ ಬಣ್ಣವಷ್ಟೇ ಬೀಳುತ್ತದೆ, ಅದನ್ನು ಹಿಡಿದವರು ಯಾರೆಂಬುದು ಬೀಳುವುದಿಲ್ಲ. ಕೆಂಪು ಅಂಗಿ ಹಾಕಿಕೊಂಡು ಕುಳಿತರೆ ಏನೂ ಆಗದು, ಆದರೆ ಬೇಲಿಯ ಹತ್ತಿರ ನಿಂತು ಕೆಂಪು ಅಥವಾ ಹಳದಿ ಶಾಲನ್ನೋ ಟವೆಲ್ಲನ್ನೋ ಬೀಸುವುದು ತಪ್ಪು. ಹಾಗೆಯೇ ಮಾರ್ಷಲ್‌ಗಳಂತೆ ಕಿತ್ತಳೆ ಬಣ್ಣದ, ಹೊಳೆಯುವ ಪಟ್ಟಿಯ ಕೋಟು ತೊಟ್ಟರೆ ಜನ ದಾರಿ ಕೇಳಲು ಬರುತ್ತಾರೆ, ಚಾಲಕರು ಸೂಚನೆಗಾಗಿ ನೋಡುತ್ತಾರೆ.

ತಲೆಗೆ ಅಂಚು ಅಗಲವಾದ ಹ್ಯಾಟಿಗಿಂತ ಕ್ಯಾಪು ಮತ್ತು ಕುತ್ತಿಗೆಗೆ ಒದ್ದೆ ಮಾಡಿದ ಚೌಕುಳಿ ಟವೆಲ್ಲು ಉತ್ತಮ. ನೆರಳಿಗೆ ನಮ್ಮ ಅಡಿಕೆ ಹಾಳೆಯ ಟೊಪ್ಪಿಯನ್ನು ಮೀರಿಸುವುದು ಯಾವುದೂ ಇಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ, ಆದರೆ ಬಯಲ ಗಾಳಿಗೆ ಅದು ಹಾರಿ ಟ್ರ್ಯಾಕಿಗೆ ಬಿದ್ದರೆ ಅಂದಿನ ರೇಸು ಅದರ ಹೆಸರಿನಲ್ಲೇ ನೆನಪುಳಿಯುತ್ತದೆ. ಕಣ್ಣಿಗೆ ತಂಪು ಕನ್ನಡಕ ಬೇಕು. ಟೈರು ಸವೆದು ಉದುರುವ ರಬ್ಬರ್ ಚೂರು ಮತ್ತು ಧೂಳು ಬೇಲಿಯ ಬಳಿ ನಿಂತವರ ಕಣ್ಣಿಗೆ ಬರುವುದುಂಟು. ಮಾವನವರಿಗೆ ಪಂಚೆಯೇ ಅಭ್ಯಾಸವಾದರೆ ನೆರಳಿರುವ ಗ್ಯಾಲರಿಯಲ್ಲಿ ಪಂಚೆಯಲ್ಲೇ ಇರಲಿ, ಆದರೆ ಪಾದಕ್ಕೆ ಹಿಂಪಟ್ಟಿಯಿರುವ, ಬೆರಳು ಮುಚ್ಚುವ ಪಾದರಕ್ಷೆ ಕಡ್ಡಾಯ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಿಸಿಲಿನ ದಿನ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ರ‍್ಯಾಲಿಯ ಲೆಕ್ಕವೇ ಬೇರೆ. ಅಲ್ಲಿ ಗ್ಯಾಲರಿಯಿಲ್ಲ, ಬೇಲಿಯಿಲ್ಲ. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಒಂದೊಂದೇ ಕಾರು ಬರುತ್ತದೆ, ನೀವು ದಿಬ್ಬದ ಮೇಲೆ ನಿಂತು ನೋಡುತ್ತೀರಿ. ಕಾರು ಬರುವ ಬಹಳ ಮುಂಚೆಯೇ ರಸ್ತೆ ಮುಚ್ಚುವುದರಿಂದ ನಸುಕಿನಲ್ಲೇ ಒಳಗೆ ಸೇರಬೇಕು. ಮಳೆಗಾಲ ಕಳೆದ ಮೇಲಿನ ಚಿಕ್ಕಮಗಳೂರಿನ ನಸುಕು ಕಾರವಾರದವರಿಗೆ ಹಲ್ಲು ಕಡಿಸುವಂಥದ್ದು. ಹನ್ನೊಂದಕ್ಕೆ ಅದೇ ಜಾಗದಲ್ಲಿ ಬೆವರುತ್ತೀರಿ. ದಪ್ಪ ಸ್ವೆಟರ್ ಒಂದರ ಬದಲು ತೆಳು ಅಂಗಿ, ಅದರ ಮೇಲೊಂದು ಉಣ್ಣೆಯದು, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ ಎಂದು ಮೂರು ಪದರ ಹಾಕಿಕೊಂಡು, ಹೊತ್ತೇರಿದಂತೆ ಒಂದೊಂದೇ ಕಳಚಿ ಸೊಂಟಕ್ಕೆ ಕಟ್ಟಿಕೊಳ್ಳಿ. ಪ್ಯಾಂಟು ಪಾದದವರೆಗಿರಲಿ, ಅದರ ತುದಿಯನ್ನು ಉದ್ದ ಸಾಕ್ಸಿನೊಳಗೆ ಸೇರಿಸಿ. ನೆಲ ಇನ್ನೂ ತೇವವಿದ್ದರೆ ಉಂಬಳ ಇರುತ್ತದೆ, ಕಾಫಿ ಗಿಡದ ಕೊಂಬೆಯಲ್ಲಿ ಕಚ್ಚುವ ಕೆಂಪು ಇರುವೆ ಚಿಗಳಿ ಗೂಡು ಕಟ್ಟಿರುತ್ತದೆ. ಶಿರಸಿ, ಸಿದ್ದಾಪುರದ ತೋಟದವರು ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಒಯ್ಯುತ್ತಾರೆ. ಸಾಕ್ಸಿಗೆ ಅದನ್ನು ಹಚ್ಚಿಕೊಂಡರೆ ಉಂಬಳದ ಕಾಟ ಕಡಿಮೆಯಾಗುತ್ತದೆ.

ಬಿಳಿ ಬಟ್ಟೆ ರ‍್ಯಾಲಿಗೆ ಬೇಡವೇ ಬೇಡ. ಆ ಕೆಂಪು ಧೂಳು ಬೆವರಿನೊಡನೆ ನೇಯ್ಗೆಯೊಳಗೆ ಇಳಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಮೂಗಿಗೆ ಮಾಸ್ಕು ಇಟ್ಟುಕೊಳ್ಳಿ. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕವನ್ನೇ ಧರಿಸಬೇಕು. ಕಿವಿಯ ವಿಷಯದಲ್ಲಿ ಮಾತ್ರ ಇಲ್ಲಿ ಟ್ರ್ಯಾಕಿಗಿಂತ ಬೇರೆ ನಡತೆ ಬೇಕು: ಕಾರು ಎಷ್ಟು ದೂರದಲ್ಲಿದೆ ಎಂಬುದನ್ನು ನಿಮಗೆ ಮೊದಲು ಹೇಳುವುದು ಕಿವಿಯೇ ಆದ್ದರಿಂದ, ನಿಂತ ಜಾಗದಲ್ಲಿ ನೆಲೆಗೊಂಡ ಮೇಲೆ ಪ್ಲಗ್ ಹಾಕಿ, ರಸ್ತೆಯ ಅಂಚಿನಲ್ಲಿ ನಡೆಯುವಾಗ ತೆಗೆಯಿರಿ.

ಯಾವ ಉಡುಪೂ ಕಾಯದ ಸಂಗತಿಯೊಂದು ಇಲ್ಲಿದೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಕಾರೊಂದು ಪ್ರೇಕ್ಷಕರ ಮೇಲೆ ಒಡೆದು ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು; 1986ರಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರು ಜನರ ಗುಂಪಿಗೆ ನುಗ್ಗಿತು. ಟ್ರ್ಯಾಕಿನಲ್ಲಿ ಈಗ ಎತ್ತರದ ಬೇಲಿಗಳಿವೆ, ರ‍್ಯಾಲಿಯಲ್ಲಿ ನೀವು ನಿಲ್ಲುವ ಜಾಗವೇ ಬೇಲಿ. ತಿರುವಿನ ಹೊರಮಗ್ಗುಲಲ್ಲಿ ನಿಲ್ಲಬಾರದು, ರಸ್ತೆಗಿಂತ ತಗ್ಗಿನಲ್ಲಿ ನಿಲ್ಲಬಾರದು, ಮಾರ್ಷಲ್ ಎದ್ದೇಳು ಎಂದರೆ ವಾದಿಸಬಾರದು. ಆ ಗಳಿಗೆಯಲ್ಲಿ ದಿಬ್ಬ ಹತ್ತಲು ಎರಡು ಹೆಜ್ಜೆ ಹಾಕುವುದಕ್ಕೆ ನಿಮ್ಮ ಬೂಟಿನ ಅಡಿಯಲ್ಲಿ ಹಿಡಿತವಿರಬೇಕು, ಕಾಲಿಗೆ ಬಟ್ಟೆ ತೊಡರಬಾರದು. ಪಂಚೆ, ಲುಂಗಿ, ಸೀರೆ ಮೂರನ್ನೂ ರ‍್ಯಾಲಿಗೆ ನಾನು ಬೇಡವೆನ್ನುವುದು ಇದಕ್ಕಾಗಿ. ಮಾವನವರು ಪ್ಯಾಂಟಿಗೆ ಒಪ್ಪದಿದ್ದರೆ ಅವರನ್ನು ಊರೊಳಗಿನ ಉದ್ಘಾಟನೆಯ ಜಾಗದಲ್ಲಿ ಕಾರುಗಳನ್ನು ತೋರಿಸಿ ಕರೆತನ್ನಿ.

ಚೀಲ ಕಟ್ಟುವಾಗ ಐವರಿಗೂ ಒಂದೊಂದು ಜೊತೆ ಒಣ ಬಟ್ಟೆ, ಒಣ ಸಾಕ್ಸು, ಒಂದು ಪ್ಲಾಸ್ಟಿಕ್ ಕವರನ್ನು ಬೇರೆಯಾಗಿ ಮೇಲ್ಗಡೆ ಇಡಿ. ಬೆವರಿ ತೊಯ್ದ ಅಂಗಿಯಲ್ಲೇ ಎಸಿ ಬಸ್ಸು ಹತ್ತಿದರೆ ಬೆಂಗಳೂರು ಮುಟ್ಟುವವರೆಗೆ ಮಗಳು ಚಳಿಗೆ ನಡುಗುತ್ತಾಳೆ. ಒದ್ದೆ ಬಟ್ಟೆಯನ್ನು ಆ ಕವರಿನಲ್ಲಿ ಕಟ್ಟಿ ತಂದವರು ಕಾರವಾರ ಮುಟ್ಟಿದ ಕೂಡಲೇ ಬಿಚ್ಚಿ ಹರವಬೇಕು, ಇಲ್ಲವಾದರೆ ಆಗಸ್ಟ್‌ನ ತೇವಕ್ಕೆ ಮಗನ ಕಪ್ಪು ಟೀ ಶರ್ಟಿನ ಮೇಲೆ ಎರಡನೆಯ ದಿನವೇ ಬಿಳಿ ಬೂಷ್ಟಿನ ಚುಕ್ಕೆ ಕಾಣಿಸುತ್ತದೆ.